ನಿದ್ದೆಯ ಔಷಧಿ ಬದಲಿಸಿದ ದಿನಗಳು

ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿಗೆ ಪಾಲಿಶ್ ಹಾಕುತ್ತಿದ್ದ ಆತ ನಮ್ಮ ಐಸಿಯುವಿನಲ್ಲಿ ವೆಂಟಿಲೇಟರ್ ಮೇಲಿದ್ದ. ವರ್ಷಗಟ್ಟಲೆ ಧೂಳು ಕುಡಿದ ಶ್ವಾಸಕೋಶಕ್ಕೆ ನ್ಯುಮೋನಿಯಾ ತಗುಲಿತ್ತು. ಗಂಟಲಿಗೆ ಹಾಕಿದ ನಳಿಗೆಯನ್ನು ಸಹಿಸಿಕೊಳ್ಳಲೆಂದು ಮೊದಲು ನಿದ್ದೆ ಬರಿಸುವ ಪ್ರೊಪೊಫಾಲ್ ಕೊಟ್ಟೆ, ರಕ್ತದೊತ್ತಡ ಕುಸಿಯಿತು. ಮಿಡಜೋಲಾಮ್‌ಗೆ ಬದಲಿಸಿದೆ. ಆತ ಅಲುಗಾಡದೆ ಮಲಗಿದ.

ಹೆಂಡತಿಗೆ ಅದೇ ಸಮಾಧಾನ. ಆರಾಮಾಗಿ ನಿದ್ದೆ ಮಾಡುತ್ತಿದ್ದಾರೆಂದು ಊರಿನವರಿಗೆಲ್ಲ ಫೋನಿನಲ್ಲಿ ಹೇಳುತ್ತಿದ್ದಳು. ನನಗೆ ಮಾತ್ರ ಆ ನಿದ್ದೆ ಸರಿಯೆನಿಸಲಿಲ್ಲ. ಬೆಳಿಗ್ಗೆ ಔಷಧಿ ನಿಲ್ಲಿಸಿದರೆ ಸಂಜೆಯಾದರೂ ಕಣ್ಣು ಬಿಡಲಿಲ್ಲ. ಕಿಡ್ನಿ ಸರಿಯಾಗಿ ಕೆಲಸ ಮಾಡದೆ ಔಷಧಿ ಮೈಯಲ್ಲೇ ಉಳಿದಿತ್ತು. ಹೆಸರು ಹಿಡಿದು ಕೂಗಿದೆ, ನೋವಿಗಾದರೂ ಎಚ್ಚರವಾಗಲೆಂದು ಎದೆಮೂಳೆ ಒತ್ತಿದೆ. ಹುಬ್ಬು ಕೂಡ ಗಂಟಿಕ್ಕಲಿಲ್ಲ.

ಎಚ್ಚರ ಬಂದದ್ದು ಮರುದಿನ. ಬಂದದ್ದೇ ಚಾವಣಿಯನ್ನು ದಿಟ್ಟಿಸುತ್ತ ಎರಡೂ ಅಂಗೈಗಳಿಂದ ಏನನ್ನೋ ಮೇಲಕ್ಕೆ ತಳ್ಳತೊಡಗಿದ. ನಳಿಗೆ ಕಿತ್ತುಕೊಂಡಾನೆಂದು ನರ್ಸ್ ಕೈ ಹಿಡಿದಳು. ಹೆಂಡತಿಯನ್ನು ಒಳಗೆ ಕರೆಸಿದೆ. ಒಮ್ಮೆ ನೋಡುತ್ತಲೇ ಆಕೆಗೆ ತಿಳಿಯಿತು.

"ಫರಸಿ ಮೈಮ್ಯಾಲ ಬೀಳ್ಲಿಕತ್ತದ ಅಂತ ತಿಳ್ಕೊಂಡಾರ್ರಿ. ಮತ್ತ ಮಲಗಿಸಿಬಿಡ್ರಿ ಸಾಹೇಬ್ರ, ನನಗ ನೋಡ್ಲಿಕ್ಕಾಗಲ್ಲ."

ಅದೇ ಔಷಧಿ ಮತ್ತೆ ಕೊಟ್ಟರೆ ಈ ಭ್ರಮೆಯಿಂದ ಹೊರಬರುವುದು ಇನ್ನೂ ಕಷ್ಟವೆಂದು ಹೇಳಿದೆ. ಎಚ್ಚರವನ್ನು ಪೂರ್ತಿ ಅಳಿಸದ ಡೆಕ್ಸ್‌ಮೆಡಿಟೊಮಿಡಿನ್ ಶುರುಮಾಡಿದೆ. ಅದರ ಭಯವೇ ಬೇರೆ, ನಾಡಿ ಇಳಿಸುತ್ತದೆ. ಸಂಜೆಯ ಹೊತ್ತಿಗೆ ಮಾನಿಟರಿನ ಒಂದು ಸದ್ದಿಗೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುತ್ತ ಹೋಯಿತು. ಪ್ರಮಾಣ ಕಡಿಮೆ ಮಾಡಿ, ನಾಡಿ ಏರಿಸುವ ಇಂಜೆಕ್ಷನ್ ತುಂಬಿಟ್ಟುಕೊಂಡು ಪಕ್ಕದಲ್ಲೇ ನಿಂತೆ. ಹೆಂಡತಿ ಅವನ ಕೈ ಬಿಡದೆ, ನೀವು ದವಾಖಾನೆಯಲ್ಲಿದ್ದೀರಿ, ಇಲ್ಲಿ ಕಲ್ಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ನಾಡಿ ತಡವಾಗಿ ಮೇಲೇರಿತು.

ಕೆಲವು ದಿನಗಳ ಮೇಲೆ ನಳಿಗೆ ತೆಗೆದೆವು. ಒಡೆದ ದನಿಯಲ್ಲಿ ಮೊದಲು ಕೇಳಿದ್ದು, "ಎಲ್ಲಾರೂ ಹೊರಗ ಬಂದ್ರೇನ್ರಿ?"

ಕಲ್ಲು ಕುಸಿದು ಜನ ಸಿಕ್ಕಿಬಿದ್ದಂಥ ಅಪಘಾತ ಎಂದೂ ಆಗಿಲ್ಲವೆಂದು ಹೆಂಡತಿ ಆಣೆಮಾಡಿದಳು. ಅವನು ನಂಬಲಿಲ್ಲ.

ತಪಾಸಣೆಗೆ ಮತ್ತೆ ಬಂದಾಗ ನಡೆದುಕೊಂಡೇ ಬಂದ. ಐಸಿಯುವಿನ ದಿನಗಳಲ್ಲಿ ಆ ಕಲ್ಲೊಂದೇ ಅವನ ನೆನಪಿನಲ್ಲಿ ಉಳಿದಿತ್ತು. ಮನೆಯ ಚಾವಣಿಯೂ ಫರಸಿಯದೇ ಆದ್ದರಿಂದ ಅಂಗಳದಲ್ಲೇ ಮಲಗುತ್ತಾನಂತೆ.

"ಮಳಿ ಬಂದ್ರೂ ಒಳಗ ಬರಂಗಿಲ್ರಿ," ಎಂದಳು ಹೆಂಡತಿ.

ಅವನು ನನ್ನ ಕೋಣೆಯ ಬಾಗಿಲಿಗೆ ಅಂಟಿಕೊಂಡ ಕುರ್ಚಿಯಲ್ಲಿ ಕುಳಿತಿದ್ದ, ಒಂದು ಕಾಲು ಹೊರಗಿಟ್ಟುಕೊಂಡು.