ಗುಡ್ಡದ ಕಡೆ ಮುಖ ಮಾಡಿದ ಪೆಟ್ಟಿಗೆ

ಗಜೇಂದ್ರಗಡದ ಮೊದಲ ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ನೆತ್ತಿಯ ಮೇಲಿನಿಂದ ಯಾರೋ ಮಾತಾಡಿಸಿದರು: “ಅಕ್ಕಾರ, ಚಾ ಆತೇನ್ರಿ?” ತಲೆಯೆತ್ತಿದರೆ ಛಾವಣಿಯ ತೂತಿನಲ್ಲಿ ಒಂದು ಮುಖ! ಬ್ರಷ್ ಕೈಜಾರಿತು. ಮುಖ ಮನೆಯೊಡತಿ ಮಾಬುಬಿಯದು. ತೂತಿನ ಹೆಸರು ಬೆಳಕಿಂಡಿ, ಕತ್ತಲ ಕೋಣೆಗೆ ಬೆಳಕು ಇಳಿಯುವ ದಾರಿ. ಬೆಳಕಿನ ಜೊತೆ ವಿಚಾರಣೆಯೂ ಇಳಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮ ಕುಂದಾಪುರದ ಕಡೆ ಇಳಿಜಾರು ಹೆಂಚಿನ ಮನೆಗಳು. ಬೆಕ್ಕು ಬಿಟ್ಟರೆ ಮೇಲೆ ಹತ್ತುವವರಿಲ್ಲ. ಇಲ್ಲಿಯದು ಮಣ್ಣಿನ ಚಪ್ಪಟೆ ಛಾವಣಿ, ಮಾಳಿಗಿ ಅನ್ನುತ್ತಾರೆ. ಒಬ್ಬರ ಮಾಳಿಗಿಗೆ ಇನ್ನೊಬ್ಬರದು ಅಂಟಿಕೊಂಡು ಓಣಿಯುದ್ದಕ್ಕೂ ಹೋಗುತ್ತದೆ. ಮೆಣಸಿನಕಾಯಿ ಒಣಗಿಸುವುದು, ಮಿಂದ ಕೂದಲು ಆರಿಸುವುದು, ಬೇಸಿಗೆಯಲ್ಲಿ ಹಾಸಿಗೆ ಹಾಸುವುದು ಎಲ್ಲ ಅಲ್ಲೇ. ಖಡಕ್ ರೊಟ್ಟಿಗೆ ಹಲ್ಲು ಒಗ್ಗಿತು, ಶೇಂಗಾ ಹಿಂಡಿಗೆ ನಾಲಿಗೆಯೂ ಸೋತಿತು. ಮನಸ್ಸು ಮಾತ್ರ ಒಂದು ಕಡೆ ಕೂರಲೊಲ್ಲದು. ಮೀನಿನ ವಾಸನೆಯಿಲ್ಲದ ಗಾಳಿಯಲ್ಲಿ ಉಸಿರಾಡಿದ್ದೂ ಲೆಕ್ಕಕ್ಕಿಲ್ಲ ಅನಿಸುತ್ತಿತ್ತು.

ನಾನು ಬಂದದ್ದು ವೈಮ್ಯಾಕ್ಸ್ ಎಂಬ ಹೊಸ ಇಂಟರ್‌ನೆಟ್ಟಿನ ಕೆಲಸಕ್ಕೆ. ವೈಫೈ ಕೆಲವರಿಗಾದರೂ ಗೊತ್ತು. ಅದರ ಓಟ ಪಡಸಾಲೆಯಿಂದ ಅಡುಗೆಮನೆಯವರೆಗೆ, ನಡುವೆ ದಪ್ಪ ಗೋಡೆ ಬಂದರೆ ಅಲ್ಲಿಗೇ ಏದುಸಿರು. ವೈಮ್ಯಾಕ್ಸ್ ಗುಡ್ಡದ ಮೇಲಿನ ಒಂದೇ ಗೋಪುರದಿಂದ ಹರದಾರಿಗಟ್ಟಲೆ ಹೋಗುತ್ತದೆ. ದೂರ ಹೆಚ್ಚಿದಂತೆ, ಹಂಚಿಕೊಳ್ಳುವವರು ಹೆಚ್ಚಿದಂತೆ ವೇಗ ತಗ್ಗುತ್ತದೆ, ಅದು ಬೇರೆ ಮಾತು. “ಹಂಗಾರ ಅದು ಬಂದ ಮ್ಯಾಲ ವೈಫೈ ಯಾಕ್ರಿ?” ಎಂದು ಮಾಬುಬಿಯ ಮಗಳು ಶಾಹೀನ್ ಕೇಳಿದಳು. ಊರಿಗೆ ನೀರು ತರುವ ದೊಡ್ಡ ಪೈಪು ವೈಮ್ಯಾಕ್ಸ್, ಮನೆಯೊಳಗಿನ ನಳ ವೈಫೈ, ಎರಡೂ ಬೇಕು ಎಂದೆ. ಸಿಗ್ನಲ್ ಹಿಡಿಯಲು ಮಾಳಿಗಿಯ ಮೇಲೊಂದು ಚಪ್ಪಟೆ ಪೆಟ್ಟಿಗೆ ಗುಡ್ಡಕ್ಕೆ ನೇರ ಮುಖ ಮಾಡಿ ನಿಲ್ಲಬೇಕು. ಒಂದಿಷ್ಟು ಓರೆಯಾದರೂ ಕೆಲಸ ಕೆಟ್ಟಿತು.

ಶಾಹೀನ್ ಮನೆಯ ಮುಂದಿನ ಕೋಣೆಯಲ್ಲೇ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಕೋರ್ಸಿನ ಕೊನೆಗೆ ಆನ್‌ಲೈನ್ ಪರೀಕ್ಷೆ. ಗದಗಿಗೆ ಹೋಗಿ ಬರೆಯಲು ಮನೆಗಳಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ನೆಟ್ ಕಡಿಯದೆ ಬಂದರೆ ಇಲ್ಲೇ ಪರೀಕ್ಷೆ. ಇಲ್ಲವಾದರೆ ವರ್ಷದ ಕಲಿಕೆ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ.

ಮಾಬುಬಿಯ ಮಾಳಿಗಿಯ ಮೇಲೆ ಪೆಟ್ಟಿಗೆ ಕೂರಿಸಿದೆ, ಆದರೆ ನೆಟ್ ಕಡಿಯುತ್ತಲೇ ಇತ್ತು. ಬೆಳಿಗ್ಗೆ ನಾನು ಪೆಟ್ಟಿಗೆ ಸರಿಮಾಡಿ ರೋಣ, ನರಗುಂದ ಎಂದು ಹೊಸ ಗೋಪುರಗಳಿಗೆ ಜಾಗ ನೋಡಲು ತಿರುಗಿ ಕತ್ತಲಾದ ಮೇಲೆ ಬಂದರೆ ಶಾಹೀನ್ ಬಾಗಿಲಲ್ಲೇ, “ಸಂಜಿಗೆ ಮತ್ತ ಹೋತ್ರಿ” ಎನ್ನುತ್ತಿದ್ದಳು. ಮರುದಿನ ನೋಡಿದರೆ ಪೆಟ್ಟಿಗೆ ಕೊಂಚ ಓರೆ. ಗುಡ್ಡದಲ್ಲಿ ಗಾಳಿಯಂತ್ರಗಳನ್ನೇ ತಿರುಗಿಸುವ ಗಾಳಿ, ಈ ಪೆಟ್ಟಿಗೆ ಯಾವ ಲೆಕ್ಕ ಎಂದು ಬೋಲ್ಟ್ ಬಿಗಿದೆ. ಮತ್ತೆ ಅದೇ ಕಥೆ. ಕೊನೆಗೆ ಕಂಪನಿಯವರು, ಈ ವಾರ ಸರಿಯಾಗದಿದ್ದರೆ ಸಾಮಾನು ಕಟ್ಟಿ ಎಂದರು. ಊರಿಗೆ ಹೋಗಬಹುದೆಂದು ಒಂದು ಗಳಿಗೆ ಜೀವ ಹಿಗ್ಗಿತು. ಆದರೆ ಮುಂದಿನ ಕೋಣೆಯಲ್ಲಿ ಹುಡುಗಿಯರು ಕೀಬೋರ್ಡ್ ಕುಟ್ಟುವ ಸದ್ದು ಕೇಳುತ್ತಿತ್ತು.

ಮರುದಿನ ಎಲ್ಲಿಗೂ ಹೋಗದೆ ಸಂಜೆ ಮಾಳಿಗಿ ಹತ್ತಿದೆ. ಮಾಬುಬಿ ಪಾನಾ ಹಿಡಿದು ಬೋಲ್ಟ್ ಸಡಿಲಿಸಿ ಪೆಟ್ಟಿಗೆಯನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು.

“ಇದೇನು ಮಾಡ್ತಿದ್ದೀರಿ?” ಚೀರಿಬಿಟ್ಟೆ.

“ಸಾವಕಾಶ ಮಾತಾಡ್ರಿ,” ಎಂದು ಪಕ್ಕದ ಮಾಳಿಗಿ ತೋರಿಸಿದಳು. ಪಕ್ಕದ ಮನೆಯ ಮುದುಕಿ ನೀಲವ್ವನ ಸೊಸೆಯಂದಿರು ತಲೆಗೂದಲು ಬಿಚ್ಚಿಕೊಂಡು ಕೂತಿದ್ದರು. “ಸಂಜಿಗೆ ಹೆಣಮಕ್ಕಳು ಬರ್ತಾರ. ಇದರ ಮಾರಿ ಅವರ ಕಡೆನ ಐತಿ. ಮುಂಜಾನೆ ಮತ್ತ ಹೊಳ್ಳಿಸಿ ಇಡ್ತೇನ್ರಿ.”

“ಅದಕ್ಕೆ ಕಣ್ಣಿಲ್ಲಮ್ಮಾ! ಅದು ಕ್ಯಾಮೆರಾ ಅಲ್ಲ.”

“ನಂಗ ಗೊತ್ತೈತ್ರಿ. ಅವರಿಗೆ ಹ್ಯಾಂಗ ಗೊತ್ತಾಗಬೇಕು? ನಾಳೆ ಯಾರರ ಒಂದ್ ಮಾತು ಅಂದ್ರ, ಇಷ್ಟ್ ವರ್ಷದ ನೆರಿ ಕೆಡತೈತಿ.”

ಅಂದರೆ ಮಗಳ ಕ್ಲಾಸು ಮುಳುಗಿದರೂ ಸರಿ, ನೆರೆಮನೆಯ ಮರ್ಯಾದೆಗೆ ಕುಂದು ಬರಬಾರದು. ನನಗೆ ಸಿಟ್ಟೂ ಬಂತು, ಕೈಮುಗಿಯಬೇಕು ಅಂತಲೂ ಅನಿಸಿತು. ನಾನೇ ಹೋಗಿ ನೀಲವ್ವನನ್ನು ಕರೆದೆ. ಮುದುಕಿ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಅದು ಯಾತಕ್ಕೆ, ಯಾರಿಗೆ ಎಂದು ಕೇಳಿ, ಗುಡ್ಡ ನೋಡಿ, ಮಾಬುಬಿಯನ್ನು ಬೈದಳು.

“ಹುಚ್ಚೀ, ನನಗ ಒಂದ್ ಮಾತು ಕೇಳಾಕ ಏನ್ ಆಗಿತ್ತು? ನಮ್ಮ ಮಾಳಿಗಿ ಕಡೀ ಅಂಚಿಗೆ ಇಡ್ರಿ ಇದನ್ನ. ಅದರಾಚೆ ಹೊಲ, ಗುಡ್ಡ. ನಮ್ಮ ಮಂದಿ ಎಲ್ಲಾ ಇದರ ಬೆನ್ನಿಗೆ ಬರ್ತಾರ.”

ಕೇಬಲ್ ಎರಡು ಮಾಳಿಗಿ ದಾಟಿತು. ಪರೀಕ್ಷೆಯ ದಿನ ನೆಟ್ ಒಮ್ಮೆಯೂ ಕಡಿಯಲಿಲ್ಲ. ಮುಗಿದಾಗ ಶಾಹೀನ್ ನನ್ನ ಹೆಗಲಿಗೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ. ಊರಿಗೆ ವರ್ಗ ಬೇಕೇ ಎಂದು ಕಂಪನಿ ಕೇಳಿದಾಗ, ನರಗುಂದದ ಕೆಲಸ ಮುಗಿಯಲಿ ಎಂದುಬಿಟ್ಟೆ. ಹೇಳಿದ ಮರುಗಳಿಗೆಯೇ ಊರು ನೆನಪಾಗಿ ಸಂಕಟವಾಯಿತು.

ರಜೆಗೆ ಕುಂದಾಪುರಕ್ಕೆ ಬಂದಿದ್ದೇನೆ. ಬಂಗುಡೆ ಸಾರು ಉಂಡು, ಸೆಕೆಯೆಂದು ಕೋಣೆಯ ಕಿಟಕಿ ತೆರೆಯಲು ಹೋದೆ. ಕಿಟಕಿಯ ಮುಖ ನೇರ ಪಕ್ಕದ ಮನೆಯವರ ಬಾವಿಕಟ್ಟೆಗೆ. ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಚಿಲಕದ ಮೇಲಿಟ್ಟ ಕೈ ಅಲ್ಲೇ ನಿಂತಿತು.

“ಎಂತಾಯ್ತ್ ಮಗಾ?” ಅಮ್ಮ ಕೇಳಿದಳು. “ನಿನ್ ಕಿಟಕಿಯೇ ಅಲ್ದಾ?”

ಹೌದು ಎಂದೆ. ಕೈ ಮಾತ್ರ ಮುಂದೆ ಹೋಗಲಿಲ್ಲ.