ರೆಫ್ರಿಜರೇಟರಿನಲ್ಲಿಟ್ಟ ವೈನಿನ ಸೀಸೆ

ಯುದ್ಧದ ವರ್ಷಗಳಲ್ಲಿ ಮಧುಗಿರಿಯ ನಮ್ಮ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಓದುಗರ ಅವಗಾಹನೆಗಾಗಿ ಕೆಳಕಂಡಂತೆ ನಿವೇದಿಸುತ್ತೇನೆ. ನನಗೆ ಬರೆದು ಅಭ್ಯಾಸವಿರುವುದು ಕಚೇರಿಯ ಕಾಗದಗಳನ್ನಷ್ಟೆ, ಲೋಪಗಳಿದ್ದಲ್ಲಿ ಮನ್ನಿಸಬೇಕು.

ವರ್ಗವಾಗಿ ಹೋದ ಅಧಿಕಾರಿಯೊಬ್ಬರ ಸಾಮಾನುಗಳ ಹರಾಜಿನಲ್ಲಿ ನಾನು ಸೀಮೆಎಣ್ಣೆಯಿಂದ ನಡೆಯುವ ರೆಫ್ರಿಜರೇಟರೊಂದನ್ನು ಕೊಂಡಿದ್ದೆ. ಅಡಿಯಲ್ಲಿ ಸಣ್ಣ ದೀಪ ಉರಿದರೆ ಮೇಲೆ ತಂಪಾಗುತ್ತಿತ್ತು. ಹೊಳವನಹಳ್ಳಿಯ ಕಡೆಯವರಾದ ನನ್ನ ತಾಯಿಯವರು ಹಾಲು, ಮೊಸರು, ದೇವರ ಹೂವುಗಳನ್ನು ಅದರಲ್ಲಿಡುತ್ತಿದ್ದರು.

ಹೆರಿಗೆಯಲ್ಲಿ ಮಗುವನ್ನು ಕಳೆದುಕೊಂಡ ನನ್ನ ಹೆಂಡತಿ ಏಳಲಾರದಷ್ಟು ನಿತ್ರಾಣಳಾದಳು. ಪ್ರತಿ ಸಂಜೆ ಒಂದು ಔನ್ಸ್ ಕೆಂಪು ವೈನು ಕೊಡತಕ್ಕದ್ದೆಂದು ಡಾಕ್ಟರು ಸೂಚಿಸಿದರು. ಮೊದಲ ಸೀಸೆಯನ್ನು ಅಟ್ಟದಲ್ಲಿಟ್ಟೆವು. ಬಿರಡೆ ತೆಗೆದ ಕೆಲವೇ ದಿನಗಳಲ್ಲಿ, ಬೆಟ್ಟದ ಬಂಡೆಯಿಂದ ಬರುವ ಬೇಸಿಗೆಯ ಕಾವಿಗೆ ಅದು ಹುಳಿಯಾಯಿತು. ಎರಡನೆಯದನ್ನು ರೆಫ್ರಿಜರೇಟರಿನ ಕೆಳಗಿನ ಅಂತಸ್ತಿನಲ್ಲಿ, ಮಂಜುಗಡ್ಡೆಯ ಗೂಡಿನಿಂದ ದೂರವಾಗಿ ನಿಲ್ಲಿಸಿಡಲು ಡಾಕ್ಟರೇ ಹೇಳಿದರು.

ಅಂದೇ ತಾಯಿಯವರು ತಮ್ಮ ಪಾತ್ರೆಗಳನ್ನೆಲ್ಲ ಹೊರತೆಗೆದರು. ಜಗಳವೇನೂ ಆಗಲಿಲ್ಲ. ಸೊಸೆಗೆ ಕೊಡುವುದು ಬೇಡವೆಂದೂ ಅವರು ಅನ್ನಲಿಲ್ಲ. ನೈವೇದ್ಯದ ಹಾಲು ಹೆಂಡದ ಮಗ್ಗುಲಲ್ಲಿ ಇರಕೂಡದು, ಅಷ್ಟೆ. ಹೀಗಾಗಿ ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಆ ಸೀಸೆಯೊಂದೇ ಉಳಿಯಿತು.

ಸೀಮೆಎಣ್ಣೆ ಆಗ ರೇಷನ್ನಿನಲ್ಲಿ ಸಿಗುತ್ತಿತ್ತು. ಬಂದದ್ದನ್ನೆಲ್ಲ ಪೆಟ್ಟಿಗೆಗೆ ಸುರಿದು, ಹರಳೆಣ್ಣೆಯ ಹಣತೆಯ ಬೆಳಕಿನಲ್ಲಿ ನಾವು ಉಣ್ಣುತ್ತಿದ್ದೆವು. ಒಂದು ಸಂಜೆ ಹೆಂಡತಿ ಮಲಗಿದಲ್ಲಿಂದಲೇ ನನಗೆ ಹೇಳಿದಳು:

"ಅತ್ತೆಮ್ಮ ಕತ್ಲಲ್ಲಿ ತಡಕಾಡ್ತಾವ್ರೆ. ಆ ಪೆಟ್ಟಿಗೆ ದೀಪ ಆರಿಸ್ಬುಡಿ. ಹುಳಿಯಾದ್ರೂ ಕುಡೀತೀನಿ."

ಒಲೆಯ ಮುಂದಿದ್ದ ತಾಯಿಯವರಿಗೆ ಕೇಳಿಸಿತು.

"ಸುಮ್ಕೆ ಮನಿಕ್ಕಳವ್ವ. ನಿಮ್ಮತ್ತೆ ಕಣ್ಣು ಕಟ್ಬುಟ್ರೂ ಮುದ್ದೆ ತಿರುವ್ತಾಳೆ."

ಹೆಂಡತಿ ನಕ್ಕಳು. ಸೀಸೆ ಅರ್ಧಕ್ಕೆ ಇಳಿಯುವಷ್ಟರಲ್ಲಿ ತೀರಿಕೊಂಡಳು.

ಕರ್ಮಾಂತರಗಳು ಯಥಾವತ್ತಾಗಿ ಜರುಗಿದವು. ನಾನು ಕಚೇರಿಗೆ ಹಾಜರಾದೆ. ಬೆಳಿಗ್ಗೆ ಎದ್ದು ಪೆಟ್ಟಿಗೆಯ ಬತ್ತಿ ಕತ್ತರಿಸಿ, ಎಣ್ಣೆ ತುಂಬಿ, ಜ್ವಾಲೆ ನೀಲಿಯಾಗಿದೆಯೇ ಎಂದು ಬಗ್ಗಿ ನೋಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಏಕೆಂದು ಯೋಚಿಸಿದ ನೆನಪಿಲ್ಲ. ದುಃಖವೆಂದು ಹೇಳತಕ್ಕದ್ದೇನೂ ಆಗ ನನ್ನಲ್ಲಿ ಕಂಡುಬರಲಿಲ್ಲ.

ಹಾಗೆ ಬಗ್ಗಿದ್ದಾಗ ಒಂದು ದಿನ ತಾಯಿಯವರು ಹಿಂದೆ ಬಂದು ನಿಂತರು.

"ಇನ್ಯಾರಿಗ್ಲಾ ಮಗಾ ಇದು?"

ನಾನು ಬತ್ತಿಯನ್ನು ಇನ್ನಷ್ಟು ತಗ್ಗಿಸಿದೆ. ಅವರು ಎಣ್ಣೆಯ ಡಬ್ಬಿಯನ್ನು ಅಲ್ಲಾಡಿಸಿ ನೋಡಿ, ನಾಳೆಗೆ ಸಾಲದೆಂದು ಹೇಳಿ, ರೇಷನ್ ಕಾರ್ಡು ಹಿಡಿದು ಅಂಗಡಿಗೆ ಹೊರಟರು.