ಮಕ್ಕಳನ್ನು ಕರೆಯಲು ಹೋದ ಬೇಸಿಗೆ

ಖಾಸಗಿ ಶಾಲೆಯ ಮೇಡಂಗೆ ಬೇಸಿಗೆ ರಜೆ ಇರುತ್ತದೆ ಎಂದು ನಂಬಿರುವವರು ಏಪ್ರಿಲ್‌ನಲ್ಲಿ ಒಮ್ಮೆ ನಮ್ಮ ಹೊಳಲ್ಕೆರೆ ಕಡೆ ಬಂದು ನೋಡಬೇಕು. ಪರೀಕ್ಷೆ ಮುಗಿದ ಮಾರನೆಯ ದಿನವೇ ನಾವು ಛತ್ರಿ, ನೀರಿನ ಬಾಟಲಿ, ಚೀಲದ ತುಂಬ ಕರಪತ್ರ ಹಿಡಿದು ಹಳ್ಳಿಗಳ ಬಸ್ಸು ಹತ್ತುತ್ತಿದ್ದೆವು. ಮನೆ ಮನೆಗೆ ಹೋಗಿ ನಿಮ್ಮ ಮಗುವನ್ನು ನಮ್ಮ ಶಾಲೆಗೆ ಸೇರಿಸಿ ಎಂದು ಕೇಳಿಕೊಳ್ಳುವ ಈ ಕೆಲಸಕ್ಕೆ ಕ್ಯಾನ್ವಾಸ್ ಎಂದು ಹೆಸರು. ಹೆಚ್ಚು ಮಕ್ಕಳನ್ನು ತಂದವರಿಗೆ ಜೂನ್‌ನಲ್ಲಿ ಕೆಲಸ ಗಟ್ಟಿ. ತರದವರ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಶಾಲೆ ತೆರೆದಾಗ ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಖಾಲಿ ಇರುತ್ತಿತ್ತು, ಅಷ್ಟೇ.

ನಾನು ಕನ್ನಡ ಮಾಧ್ಯಮಕ್ಕೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ನನ್ನ ಜೋಡಿ ಗಣಿತದ ಮೇಡಂ. ನನಗಿಂತ ಹಿರಿಯರು, ನನ್ನನ್ನು ತಂಗಿಯಂತೆ ಬೈಯುತ್ತಿದ್ದವರು. ಕ್ಯಾನ್ವಾಸಿಗೆ ಹೆಂಗಸರನ್ನೇ ಕಳಿಸುವುದರಲ್ಲಿ ಶಾಲೆ ನಡೆಸುವ ಕಾರ್ಯದರ್ಶಿಗಳ ಜಾಣತನವಿತ್ತು. ಗಂಡಸರಾದರೆ ಕಟ್ಟೆಯ ಮೇಲೆ ಕೂತು, ರಾಜಕೀಯ ಮಾತಾಡಿ, ಎದ್ದು ಬರುತ್ತಾರೆ. ನಾವಾದರೆ ಅಡುಗೆಮನೆಯವರೆಗೂ ಹೋಗುತ್ತೇವೆ. ಯಾವ ಶಾಲೆ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಆ ವರ್ಷ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗುವುದಿತ್ತು. ಬಣ್ಣದ ಕರಪತ್ರ ಬಂತು. ಅದರ ಮೇಲೆ ಟೈ ಕಟ್ಟಿಕೊಂಡು ನಗುವ ಮಕ್ಕಳಿದ್ದರು. ನಮ್ಮ ಮಕ್ಕಳಲ್ಲ, ಎಲ್ಲಿಯವರೋ. ಪಕ್ಕದಲ್ಲಿ ನಿಂತ ಶಿಕ್ಷಕಿಯೂ ನಮ್ಮವಳಲ್ಲ. ಅದನ್ನು ನೋಡಿ ನಾವೆಲ್ಲ ನಕ್ಕೆವು. ಹೊಸ ಕೋಣೆಗಳಿಗೆ ಸುಣ್ಣ ಬಣ್ಣವಾಯಿತು, ನಮ್ಮ ಕೋಣೆಗಳಿಗೆ ಆಗಲಿಲ್ಲ. ಒಂದು ಬೆಳಿಗ್ಗೆ ನನ್ನ ತರಗತಿಯ ಬೆಂಚುಗಳನ್ನು ಆಳುಗಳು ಅತ್ತ ಹೊರುತ್ತಿದ್ದರು. ಕೇಳಿದರೆ, ಸದ್ಯಕ್ಕೆ ಅಂದರು. ನಾನು ಬಾಗಿಲಿನ ಪಕ್ಕ ಸರಿದು ಅವರಿಗೆ ದಾರಿ ಬಿಟ್ಟೆ.

ಒಂದು ಮನೆಯ ಅಂಗಳ ನನಗೆ ಮರೆಯುವುದಿಲ್ಲ. ಆ ಮನೆಯ ತಾಯಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಅವಳ ಮಗಳು ನನ್ನ ತರಗತಿಯವಳೇ, ಐದು ಮುಗಿಸಿ ಆರಕ್ಕೆ ಬರಬೇಕಾದವಳು. ಅವಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಬದಲಾಯಿಸಿ ಎಂದು ನಾನು ಹೇಳಿದ್ದೇ ಹೇಳಿದ್ದು. ತಾಯಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ನೀವೇ ಪಾಠ ಮಾಡ್ತೀರಲ್ಲ ಮೇಡಂ? ನೀವಿದ್ರೆ ಕಳಿಸ್ತೀನಿ. ನಮಗೇನ್ ಗೊತ್ತಾಕ್ತೈತೆ."

"ನಾನೇ ಇರ್ತೀನಿ," ಅಂದೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಣಿತದ ಮೇಡಂ ಉಳಿದ ಕರಪತ್ರಗಳನ್ನು ಎಣಿಸಿ ಚೀಲಕ್ಕೆ ಹಾಕಿದರು. ಕಿಟಕಿಯ ಹೊರಗೆ ಬೋಳು ಗುಡ್ಡಗಳು ಬಿಸಿಲಿಗೆ ಬೆಂದು ಕೂತಿದ್ದವು. ಆಮೇಲೆ ಮೆಲ್ಲಗೆ, "ಇಷ್ಟು ಮಕ್ಳನ್ನ ಆ ಕಡೆ ಕಳಿಸಿದ್ರೆ ಈ ಕಡೆ ಯಾರೇ ಉಳೀತಾರೆ?" ಅಂದರು. ನನಗೆ ಸಿಟ್ಟು ಬಂತು. ನೀವು ಎಲ್ಲದಕ್ಕೂ ಅಪಶಕುನ ಆಡ್ತೀರಿ ಎಂದು ರೇಗಿದೆ. ಸಿಟ್ಟು ಬಂದದ್ದು ಅವರು ಹೇಳಿದ ಮಾತು ನನ್ನ ಹೊಟ್ಟೆಯಲ್ಲೂ ಇದ್ದದ್ದಕ್ಕೆ. ಮಾರನೆಯ ದಿನ ಇಬ್ಬರೂ ಮತ್ತೆ ಚೀಲ ತುಂಬಿಕೊಂಡು ಹೊರಟೆವು. ಹೋಗದಿದ್ದರೆ ಕುರ್ಚಿ ಖಾಲಿಯಾಗುತ್ತದೆ ಎಂಬ ಭಯ ಅಷ್ಟಿತ್ತು.

ಜೂನ್‌ನಲ್ಲಿ ಇಂಗ್ಲಿಷ್ ಕೋಣೆಗಳು ತುಂಬಿ ತುಳುಕಿದವು. ನನ್ನ ಆರನೇ ತರಗತಿಯಲ್ಲಿ ಮುಂದಿನ ಸಾಲೂ ತುಂಬಲಿಲ್ಲ. ಕಾರ್ಯದರ್ಶಿಗಳು ನಮ್ಮಿಬ್ಬರನ್ನೂ ಕರೆಸಿ ಕೂರಿಸಿ ಟೀ ತರಿಸಿದರು. ಆ ಆಫೀಸಿನಲ್ಲಿ ಟೀ ಕೊಡುತ್ತಿದ್ದದ್ದು ಪೋಷಕರಿಗೆ, ಅಧಿಕಾರಿಗಳಿಗೆ, ಒಟ್ಟಿನಲ್ಲಿ ಹೊರಗಿನವರಿಗೆ. ಲೋಟ ಕೈಗೆ ಬರುತ್ತಲೇ ನನಗೆ ವಿಷಯ ಗೊತ್ತಾಯಿತು.

"ಮಕ್ಳೇ ಇಲ್ವಲ್ಲಮ್ಮ, ನಾನೇನ್ ಮಾಡ್ಲಿ? ಎಲ್ಲಾ ಆ ಕಡೆ ಹೋಗ್ಬಿಟ್ರು," ಅಂದರು.

ಮಕ್ಕಳು ತಾವೇ ಎದ್ದು ಹೋದರೇನೋ ಎಂಬಂತಿತ್ತು ಆ ಮಾತು. ಬಿಸಿ ಟೀಯನ್ನು ಅವರ ಬಿಳಿ ಅಂಗಿಯ ಮೇಲೆ ಚೆಲ್ಲಬೇಕು ಅನ್ನಿಸಿತು. ಚೆಲ್ಲಲಿಲ್ಲ, ಕುಡಿದು ಎದ್ದು ಬಂದೆ. ಹೊರಗೆ ಆ ಹುಣಸೆಹಣ್ಣಿನ ಮನೆಯ ಹುಡುಗಿ ಹೊಸ ಟೈ ಸರಿಮಾಡಿಕೊಳ್ಳುತ್ತಾ, "ನಮ್ಮ ಕ್ಲಾಸಿಗೆ ಯಾವಾಗ ಬರ್ತೀರಿ ಮಿಸ್?" ಎಂದು ಕೇಳಿದಳು. ನಾನು ಅವಳ ತಲೆ ಸವರಿ ಗೇಟು ದಾಟಿದೆ.

ಗಣಿತದ ಮೇಡಂ ಕೆಲವೇ ದಿನಗಳಲ್ಲಿ ದುರ್ಗದ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್‌ನಲ್ಲಿ ಕೂತರು. ನನಗೆ ಪಾಠ ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ನನ್ನದು ಹಟ ಎಂದು ಮನೆಯಲ್ಲಿ ಅಂದರು, ಹೌದು, ಹಟವೇ. ಸೀಮೆಸುಣ್ಣ ಹಿಡಿಯದ ಕೈ ನನ್ನದಲ್ಲ ಅನ್ನಿಸುತ್ತಿತ್ತು. ಹೊಸದುರ್ಗದ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕರ ಜಾಗ ಇದೆಯೆಂದು ಓಡಿದೆ. ನನಗಿಂತ ಮೊದಲೇ ಓಡಿದವರು ಅಲ್ಲಿ ಮರದ ನೆರಳು ಸಾಲದಷ್ಟು ನಿಂತಿದ್ದರು. ದುರ್ಗದ ಒಂದು ಶಾಲೆಯಲ್ಲಿ ಡೆಮೊ ಕ್ಲಾಸ್ ಮಾಡಲು ಕರೆದರು. ಚಂದ್ರವಳ್ಳಿಯ ಗುಹೆಗಳ ಬಗ್ಗೆ, ಇಂಗ್ಲಿಷಿನಲ್ಲಿ. ವರ್ಷವರ್ಷವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಗುಹೆಯ ಕತ್ತಲೆಯಲ್ಲಿ ಒಬ್ಬರ ಕೈ ಒಬ್ಬರಿಗೆ ಹಿಡಿಸಿ ನಡೆಸಿದವಳು ನಾನು. ಆದರೂ ಬಾಯಿಪಾಠ ಮಾಡಿಕೊಂಡು ಹೋದ ವಾಕ್ಯಗಳು ಮುಗಿದ ಕೂಡಲೇ ಗುಹೆಯೂ ಮುಗಿಯಿತು. ಫೋನ್ ಮಾಡ್ತೀವಿ ಅಂದರು. ಆ ವರ್ಷವಿಡೀ ಫೋನನ್ನು ಸ್ನಾನದ ಮನೆಯ ಬಾಗಿಲವರೆಗೂ ಒಯ್ದೆ.

ಮಾರ್ಚ್ ಕೊನೆಗೆ ಫೋನ್ ಬಂದದ್ದು ಹಿರಿಯೂರಿನ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಿಂದ. ನಾನು ಹೇಗೆ ಪಾಠ ಮಾಡುತ್ತೇನೆಂದು ಅವರು ಕೇಳಲೇ ಇಲ್ಲ. ನೀವು ಕ್ಯಾನ್ವಾಸ್ ಚೆನ್ನಾಗಿ ಮಾಡ್ತೀರಂತೆ, ಬೇಸಿಗೆಯಲ್ಲಿ ಅದನ್ನು ನೋಡಿಕೊಳ್ಳಿ, ಪಾಠದ ವಿಷಯ ಜೂನ್‌ನಲ್ಲಿ ನೋಡೋಣ ಅಂದರು. ನಾನು ಹೂಂ ಅಂದೆ.

ಮೊದಲ ಹಳ್ಳಿಯಲ್ಲಿ ಬಸ್ಸಿಳಿದ ಕಡೆಯೇ ಒಂದು ಸಣ್ಣ ಖಾಸಗಿ ಶಾಲೆಯಿತ್ತು, ಕನ್ನಡ ಮಾಧ್ಯಮದ್ದು. ಪರೀಕ್ಷೆ ಮುಗಿದು ಮಕ್ಕಳಿರಲಿಲ್ಲ. ಒಬ್ಬಳು ಎಳೆಯ ವಯಸ್ಸಿನ ಶಿಕ್ಷಕಿ ಜಗಲಿಯಲ್ಲಿ ಕೂತು, ಮಕ್ಕಳು ಬರೆದ ಭೂಪಟಗಳ ಧೂಳು ಒರೆಸಿ ಸುತ್ತಿಡುತ್ತಿದ್ದಳು. ಬಿಸಿಲಲ್ಲಿ ಬಂದೀರಿ, ಕುಂತ್ಕಳ್ರಿ ಅಂತ ಚೊಂಬಿನಲ್ಲಿ ನೀರು ಕೊಟ್ಟಳು. ಯಾವ ಶಾಲೆಯವರೆಂದು ಕೇಳಿದಳು, ಹೇಳಿದೆ. ಕರಪತ್ರವನ್ನು ತಾನೇ ಈಸಿಕೊಂಡು, ಅದರ ಮೇಲಿನ ಟೈ ಕಟ್ಟಿದ ಮಕ್ಕಳನ್ನು ನೋಡಿ ನಕ್ಕಳು. ಆ ನಗು ಕಂಡು ನಾನು ಚೊಂಬನ್ನು ಕೆಳಗಿಟ್ಟೆ.

"ನಿಮ್ಮಲ್ಲಿ ನನ್ನಂಥೋರಿಗೆ ಕೆಲ್ಸ ಏನಾರ ಐತಾ ಮೇಡಂ?"

"ಜೂನ್‌ನಲ್ಲಿ ನೋಡಾಣ ಅಂತಾರೆ," ಅಂದೆ. ಸುಳ್ಳೇನೂ ಅಲ್ಲ.

ಅವಳ ಮುಖ ಅರಳಿತು. "ಹಂಗಾರೆ ಬರ್ರಿ, ನಾನೇ ಕರ್ಕಂಡು ಹೋಗ್ತೀನಿ. ಯಾವ್ಯಾವ ಮನೇಲಿ ಮಕ್ಳು ಅವ್ರೆ ಅಂತ ನಿಮಗೆ ಗೊತ್ತಾಗಲ್ಲ."

ಬೇಡ ಅನ್ನಬೇಕಿತ್ತು. ನಿನ್ನ ಮಕ್ಕಳನ್ನು ನೀನೇ ತೋರಿಸಬೇಡ ಕಣಮ್ಮ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಜೂನ್ ತಿಂಗಳು ತಡೆಯಿತು. ಅವಳು ಭೂಪಟಗಳನ್ನು ಒಳಗಿಟ್ಟು, ಬಾಗಿಲಿಗೆ ಬೀಗ ಹಾಕಿ, ಸೆರಗು ತಲೆಗೆಳೆದುಕೊಂಡು ನನ್ನ ಮುಂದೆ ನಡೆದಳು. ಓಣಿಯ ಮೊದಲ ಮನೆಯಲ್ಲಿ ಅವಳನ್ನು ಕಂಡ ಕೂಡಲೇ ಚಾಪೆ ಹಾಸಿದರು. ನಾನು ಹೇಳಬೇಕಾದ್ದನ್ನೆಲ್ಲ ನನಗಿಂತ ಚೆನ್ನಾಗಿ ಅವಳೇ ಹೇಳಿದಳು. ಆ ಮನೆಯ ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ನನ್ನನ್ನು ಬಿಟ್ಟು ಅವಳನ್ನೇ ಕೇಳಿದಳು.

"ಅಲ್ಲೂ ನೀವೇ ಇರ್ತೀರಲ್ಲಮ್ಮ?"

ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಚೀಲದೊಳಗೆ ಕೈ ಹಾಕಿ ಕರಪತ್ರ ಹುಡುಕತೊಡಗಿದೆ.

"ಹೂಂ, ನಾನೇ ಇರ್ತೀನಿ," ಅಂದಳು.